ಹುಡುಕಿದವರಿಗೆ ಉಳ್ಳಾರ್ತಿ ಸಿಗುವ ಬಗೆ

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟ, ಈ ಮೂರು ಕಡೆ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಸುವರ್ಣಗಿರಿಯಲ್ಲಿದ್ದ ರಾಜಪುತ್ರ, ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆ ಅದು. ಜನ ಓಡಾಡುವ ಎಡೆಯಲ್ಲಿ, ಅಳಿಯದ ಹಾಗೆ, ಬಂಡೆಯ ಮೇಲೆ ಕೊರೆಸಿದ್ದು. ಬ್ರಹ್ಮಗಿರಿಯ ಆ ಬಂಡೆಗೆ ಸುತ್ತಲಿನ ಜನ ಇಟ್ಟ ಹೆಸರು ಅಕ್ಷರಗುಂಡು. ಅದರ ಮೇಲೆ ಅಕ್ಷರಗಳಿವೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಆ ಅಕ್ಷರಗಳು ಏನು ಹೇಳುತ್ತವೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿ ಲಿಪಿಯನ್ನು ಓದಿದ ಮೇಲೆ, 1892ರಲ್ಲಿ ಬಿ.ಎಲ್. ರೈಸ್ ಈ ಬಂಡೆಗಳನ್ನು ಗುರುತಿಸಿ ಪ್ರಕಟಿಸಿದ ಮೇಲೆ, ಅಶೋಕನ ಮಾತು ಮತ್ತೆ ಓದುಗರಿಗೆ ದಕ್ಕಿತು.

ಬರೆದದ್ದು ಇದ್ದರೆ ಸಾಲದು, ಅದು ಹುಡುಕುವವರ ಕೈಗೆ ಸಿಗಬೇಕು ಎನ್ನುವುದಕ್ಕೆ ಇದಕ್ಕಿಂತ ಹಳೆಯ ಉದಾಹರಣೆ ಈ ಸೀಮೆಯಲ್ಲಿ ಇರಲಾರದು. ಇಂದು ಬಂಡೆಯ ಜಾಗದಲ್ಲಿ ಜಾಲತಾಣ ಬಂದಿದೆ. ಯಾರು ಬೇಕಾದರೂ ಅಲ್ಪ ಖರ್ಚಿನಲ್ಲಿ, ಕೆಲವೊಮ್ಮೆ ಖರ್ಚೇ ಇಲ್ಲದೆ, ತಮ್ಮ ಊರಿನ ಹೆಸರಿನಲ್ಲಿ ಒಂದು ತಾಣ ತೆರೆಯಬಹುದು. ಆದರೆ ತೆರೆದ ಮಾತ್ರಕ್ಕೆ ಅದು ಯಾರಿಗೂ ಕಾಣಿಸುವುದಿಲ್ಲ. ಗೂಗಲ್‌ನಂಥ ಶೋಧಕ ಯಂತ್ರದಲ್ಲಿ ಊರ ಹೆಸರು ಬರೆದರೆ ಆ ತಾಣ ಹತ್ತನೆಯ ಪುಟದಲ್ಲೋ, ಎಲ್ಲಿಯೂ ಅಲ್ಲದೆಯೋ ಉಳಿಯುತ್ತದೆ. ಮೊದಲ ಪುಟ ದಾಟಿ ಮುಂದೆ ನೋಡುವ ವ್ಯವಧಾನ ಹೆಚ್ಚಿನವರಿಗೆ ಇರುವುದಿಲ್ಲ. ಹಾಗಾದರೆ ಹೊಸ ತಾಣವೊಂದು ಹುಡುಕಿದವರ ಕಣ್ಣಿಗೆ ಬೀಳುವುದು ಹೇಗೆ? ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲ್ ಎಂಬ ಒಂದೇ ಹೆಸರನ್ನು ಹಿಡಿದು ಹೊರಟರೆ ಇದರ ಒಳಗುಟ್ಟು ಸಾಕಷ್ಟು ತಿಳಿಯುತ್ತದೆ.

ಒಂದು ಕಾವಲಿನ ಹೆಸರು

ಕಾವಲ್ ಎಂದರೆ ಕಾದಿರಿಸಿದ ಹುಲ್ಲುಗಾವಲು. ಮೈಸೂರು ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂಬ ಹೆಸರಿನಲ್ಲಿದ್ದ ಅರಮನೆಯ ದನಗಳ ಇಲಾಖೆ ಟಿಪ್ಪು ಸುಲ್ತಾನನ ಕಾಲಕ್ಕೆ ‘ಅಮೃತ ಮಹಲ್’ ಆಯಿತು. ಸೈನ್ಯದ ಸರಂಜಾಮು ಎಳೆಯುವ ಹೆಸರಾಂತ ಎತ್ತುಗಳು ಈ ತಳಿಯವು. ಅವುಗಳ ಮೇವಿಗಾಗಿ ಸಂಸ್ಥಾನದ ಉದ್ದಗಲಕ್ಕೂ ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಹುಲ್ಲುನೆಲಗಳನ್ನು ಗುರುತಿಸಲಾಗಿತ್ತು. ಚಳ್ಳಕೆರೆ ಸೀಮೆಯ ಕಾವಲುಗಳು ಈ ವ್ಯವಸ್ಥೆಯ ಭಾಗ. ಸುತ್ತಲ ಹಳ್ಳಿಗಳ ಕುರಿ, ದನ, ಕಂಬಳಿ ನೇಯುವವರ ಉಣ್ಣೆ, ಮ್ಯಾಸಬೇಡರ ದೇವರ ಎತ್ತುಗಳು, ಅವನ್ನು ಕಾಯುವ ಕಿಲಾರಿಗಳು, ಇವೆಲ್ಲವೂ ಹುಲ್ಲಿನೊಡನೆ ಬೆಸೆದುಕೊಂಡ ಬದುಕು.

2000ದ ದಶಕದ ಕೊನೆಯ ವರ್ಷಗಳಿಂದ ಈ ಕಾವಲುಗಳ ಹೆಸರು ಬೇರೆ ಕಾರಣಕ್ಕೆ ಸುದ್ದಿಯಾಯಿತು. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ, ಇಸ್ರೊ, ಭಾರತೀಯ ವಿಜ್ಞಾನ ಸಂಸ್ಥೆ, ಭಾಭಾ ಅಣು ಸಂಶೋಧನಾ ಕೇಂದ್ರ ಇವುಗಳಿಗೆ ಚಳ್ಳಕೆರೆ ತಾಲ್ಲೂಕಿನಲ್ಲಿ ಸಾವಿರಾರು ಎಕರೆ ಭೂಮಿ ಮಂಜೂರಾಯಿತು. ಕುದಾಪುರದಲ್ಲಿ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಉಳ್ಳಾರ್ತಿ ಕಾವಲಿನಲ್ಲಿ ಅಣು ಸಂಶೋಧನಾ ಕೇಂದ್ರಕ್ಕೆ ದೊಡ್ಡ ವಿಸ್ತಾರದ ಭೂಮಿ. ಗೋಡೆ ಏಳತೊಡಗಿದ ಮೇಲೆಯೇ ತಮಗೆ ವಿಷಯ ತಿಳಿಯಿತೆಂದು ಹಳ್ಳಿಗಳ ಜನ ದೂರಿದರು. ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಗಿ, 2014ರ ಆಗಸ್ಟಿನಲ್ಲಿ ಅದರ ತೀರ್ಪು ಬಂತು. 2015ರ ಡಿಸೆಂಬರಿನಲ್ಲಿ ಅಮೆರಿಕದ ‘ಫಾರಿನ್ ಪಾಲಿಸಿ’ ಪತ್ರಿಕೆ ಚಳ್ಳಕೆರೆಯ ಬಗ್ಗೆ ದೀರ್ಘ ವರದಿ ಪ್ರಕಟಿಸಿತು. ಹೀಗೆ ಊರಿನ ಹೆಸರು ಊರಿನವರಿಗಿಂತ ಮೊದಲು ಜಗತ್ತಿನ ಮೇಜಿನ ಮೇಲೆ ಹೋಯಿತು, ಅದೂ ಇಂಗ್ಲಿಷಿನಲ್ಲಿ.

ಯೋಜನೆಯ ಸರಿ ತಪ್ಪುಗಳ ಚರ್ಚೆ ಬೇರೆ. ಇಲ್ಲಿ ಗಮನಿಸಬೇಕಾದದ್ದು ಇಷ್ಟು: ಇಂಥ ಹೆಸರನ್ನು ದೂರದವರೊಬ್ಬರು ಹುಡುಕಿದಾಗ ಅವರಿಗೆ ಎದುರಾಗುವುದು ಯಾರೋ ಬರೆದ ಉಳ್ಳಾರ್ತಿ. ಕಾವಲಿನ ಹುಲ್ಲು, ಕಟ್ಟೆ, ದಾರಿ, ಜಾತ್ರೆ ಇವನ್ನು ಬಲ್ಲ ಉಳ್ಳಾರ್ತಿ ಸಿಗಬೇಕಾದರೆ ಅದನ್ನು ಬಲ್ಲವರು ಬರೆಯಬೇಕು, ಬರೆದದ್ದು ಸಿಗುವಂತಿರಬೇಕು. ಸುತ್ತಲಿನ ಹಳ್ಳಿಗಳ ಯುವಕರು ಕೂಡಿ ಅಂಥ ಒಂದು ತಾಣ ತೆರೆದರು ಎಂದೇ ಇಟ್ಟುಕೊಳ್ಳೋಣ. ಅದರ ಮುಂದಿನ ಹಾದಿ ಯಾವುದು?

ಯಂತ್ರ ಮಾಡುವ ಮೂರು ಕೆಲಸ

ಶೋಧಕ ಯಂತ್ರವೆಂದರೆ ನಾವು ಕೇಳಿದ ಗಳಿಗೆಯಲ್ಲಿ ಜಗತ್ತಿನ ತಾಣಗಳನ್ನೆಲ್ಲ ಸುತ್ತಿ ಬರುವ ಭೂತವೆಂಬ ಭಾವನೆ ಅನೇಕರಲ್ಲಿದೆ. ನಿಜವಾಗಿ ಅದರ ಕೆಲಸ ಮೊದಲೇ ಮುಗಿದಿರುತ್ತದೆ. ಒಂದನೆಯದು ಅಲೆದಾಟ. ಯಂತ್ರದ ಕಡೆಯ ಒಂದು ಪ್ರೋಗ್ರಾಂ ಹಗಲಿರುಳೂ ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಕೊಂಡಿ ಹಿಡಿದು ನಡೆಯುತ್ತ, ಕಂಡ ಪುಟಗಳನ್ನು ಓದಿಕೊಂಡು ಬರುತ್ತದೆ. ಎರಡನೆಯದು ಅಕಾರಾದಿ. ಯಾವ ಪದ ಯಾವ ಯಾವ ಪುಟದಲ್ಲಿದೆ ಎಂಬ ಪಟ್ಟಿಯನ್ನು ಅದು ತಯಾರಿಸಿಟ್ಟುಕೊಳ್ಳುತ್ತದೆ. ದೊಡ್ಡ ಗ್ರಂಥದ ಕೊನೆಯಲ್ಲಿ ಹೆಸರುಗಳ ಸೂಚಿ ಇರುವುದಿಲ್ಲವೆ, ಅದೇ ಬಗೆ. ಮೂರನೆಯದು ಪಂಕ್ತಿ ಹಾಕುವುದು. ಕೇಳಿದ ಪದವಿರುವ ಸಾವಿರ ಪುಟಗಳಲ್ಲಿ ಯಾವುದನ್ನು ಮೊದಲು ಬಡಿಸಬೇಕು, ಯಾವುದನ್ನು ಕೊನೆಗೆ ಎಂಬ ತೀರ್ಮಾನ.

ಈ ಮೂರೂ ಗ್ರಂಥಾಲಯದ ಹಳೆಯ ಕೆಲಸಗಳೇ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯದ ಐದು ಸೂತ್ರಗಳನ್ನು ಪ್ರಕಟಿಸಿದರು. ಬೆಂಗಳೂರಿನಲ್ಲಿ 1962ರಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಸ್ಥಾಪಿಸಿದವರೂ ಅವರೇ. ಪ್ರತಿ ಪುಸ್ತಕಕ್ಕೂ ಎಲ್ಲೋ ಒಬ್ಬ ಓದುಗನಿದ್ದಾನೆ, ಅವರಿಬ್ಬರನ್ನೂ ಕೂಡಿಸುವುದು ಗ್ರಂಥಪಾಲಕನ ಹೊಣೆ ಎಂಬುದು ಅವರ ಮೂರನೆಯ ಸೂತ್ರದ ಆಶಯ. ಓದುಗನ ಸಮಯ ಉಳಿಸಬೇಕೆಂಬುದು ನಾಲ್ಕನೆಯದು. ಅಂತರಜಾಲದಲ್ಲಿ ಗ್ರಂಥಪಾಲಕನ ಕುರ್ಚಿಯಲ್ಲಿ ಯಂತ್ರ ಕುಳಿತಿದೆ, ಅಷ್ಟೆ. ಅದಕ್ಕೆ ಮುಖ ನೋಡಿ ಊಹಿಸುವ ಶಕ್ತಿ ಕಡಿಮೆ. ಆದ್ದರಿಂದ ಪುಸ್ತಕದ ಬೆನ್ನಿನ ಮೇಲೆ ಹೆಸರು ಸ್ಪಷ್ಟವಾಗಿ ಬರೆಯಬೇಕಾದ ಭಾರ ಬರೆಯುವವರ ಮೇಲೆ ಹೆಚ್ಚು ಬಿದ್ದಿದೆ.

ಓದಲಾಗದ ಕನ್ನಡ

ಯಂತ್ರ ಅಲೆಯುತ್ತ ಬಂದು ಪುಟವನ್ನು ತೆರೆಯಿತು. ಅಲ್ಲಿ ಅದಕ್ಕೆ ಕಾಣುವುದು ಅಕ್ಷರದ ಆಕಾರವಲ್ಲ, ಅಕ್ಷರಕ್ಕೆ ಕೊಟ್ಟ ಸಂಖ್ಯೆ. ಕನ್ನಡಕ್ಕೆ ಇದೇ ದೊಡ್ಡ ತೊಡಕಾಗಿತ್ತು. 1996ರ ಡಿಸೆಂಬರಿನಲ್ಲಿ ಯು.ಬಿ. ಪವನಜ ಆರಂಭಿಸಿದ ‘ವಿಶ್ವಕನ್ನಡ’ ಕನ್ನಡದ ಮೊದಲ ಜಾಲತಾಣವೆಂದು ಹೆಸರಾಗಿದೆ. 1998ರಲ್ಲಿ ಶೇಷಾದ್ರಿ ವಾಸು ಅವರ ‘ಬರಹ’ ತಂತ್ರಾಂಶ ಬಂತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳನ್ನು ಹೊಕ್ಕಿತು. ಕನ್ನಡಿಗರು ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಕಲಿತದ್ದು ಇಂಥ ಪ್ರಯತ್ನಗಳ ಬಲದಿಂದ. ಆದರೆ ಆ ಕಾಲದ ಬಹುಪಾಲು ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳ ಮೇಲೆ ಕನ್ನಡದ ಚಿತ್ರಗಳನ್ನು ಕೂರಿಸಿದಂಥವು. ಫಾಂಟ್ ಇದ್ದವನ ಕಣ್ಣಿಗೆ ಅದು ‘ಚಳ್ಳಕೆರೆ’. ಫಾಂಟ್ ಇಲ್ಲದವನಿಗೂ, ಯಂತ್ರಕ್ಕೂ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ಗೊಂಚಲು. ಫಾಂಟ್ ಬದಲಾದರೆ ಗೊಂಚಲೂ ಬದಲು. ಚಳ್ಳಕೆರೆ ಎಂದು ಹುಡುಕಿದರೆ ಚಳ್ಳಕೆರೆಯ ಪುಟವೇ ಸಿಗದಂಥ ವಿಚಿತ್ರ ಪರಿಸ್ಥಿತಿ ಅದು. ಬಂಡೆಯ ಮೇಲೆ ಅಕ್ಷರವಿದೆ, ಓದುವವರಿಲ್ಲ.

ಜಗತ್ತಿನ ಎಲ್ಲ ಲಿಪಿಗಳಿಗೂ ಪ್ರತ್ಯೇಕ ಸಂಖ್ಯೆ ಕೊಡುವ ಯುನಿಕೋಡ್ ಪದ್ಧತಿಯ ಮೊದಲ ಆವೃತ್ತಿ ಬಂದದ್ದು 1991ರಲ್ಲಿ. ಅದರಲ್ಲಿಯೇ ಕನ್ನಡಕ್ಕೆ ಸ್ಥಾನವಿತ್ತು. ಸಾಮಾನ್ಯರ ಕಂಪ್ಯೂಟರುಗಳಲ್ಲಿ ಅದು ಕೆಲಸ ಮಾಡತೊಡಗಿದ್ದು 2001ರ ವಿಂಡೋಸ್ ಎಕ್ಸ್‌ಪಿಯ ಹೊತ್ತಿಗೆ. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ಆನಂತರ ಮೊಬೈಲ್ ಫೋನುಗಳು ಕನ್ನಡವನ್ನು ಯುನಿಕೋಡಿನಲ್ಲಿಯೇ ಬರೆಯಿಸಿದವು. ಹೀಗಾಗಿ ಇಂದು ಹೊಸದಾಗಿ ಟೈಪು ಮಾಡಿದ ಕನ್ನಡವನ್ನು ಯಂತ್ರ ಸುಲಭವಾಗಿ ಓದುತ್ತದೆ.

ಆದರೂ ಹಳೆಯ ರೋಗ ಪೂರ್ತಿ ಹೋಗಿಲ್ಲ. ಊರಿನ ಇತಿಹಾಸವನ್ನು ಯಾರೋ ಹಳೆಯ ಫಾಂಟಿನಲ್ಲಿ ಟೈಪು ಮಾಡಿಸಿಟ್ಟಿರುತ್ತಾರೆ. ಅದನ್ನು ಹಾಗೆಯೇ ತಾಣಕ್ಕೆ ಏರಿಸಿದರೆ ಯಂತ್ರದ ಪಾಲಿಗೆ ಅದು ಮೌನ. ಸ್ಮರಣ ಸಂಚಿಕೆಯ ಪುಟಗಳ ಫೋಟೋ ತೆಗೆದು ಹಾಕಿದರೂ ಕಷ್ಟವೇ. ಚಿತ್ರದೊಳಗಿನ ಕನ್ನಡವನ್ನು ಓದುವ ತಂತ್ರ ಬೆಳೆದಿದೆಯಾದರೂ, ಎಲ್ಲ ಚಿತ್ರವನ್ನೂ ಯಂತ್ರ ಓದಿ ಪಟ್ಟಿಗೆ ಸೇರಿಸುತ್ತದೆಂದು ನೆಚ್ಚಿ ಕೂರುವಂತಿಲ್ಲ. ಚಿತ್ರ ಹಾಕಬಹುದು, ಆದರೆ ಅದರ ಕೆಳಗೆ ವಿಷಯವನ್ನು ಯುನಿಕೋಡ್ ಅಕ್ಷರದಲ್ಲಿ ಬರೆಯಬೇಕು. ಹಳೆಯ ಫಾಂಟಿನ ಬರಹವನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಒಮ್ಮೆ ಬದಲಿಸಿ, ತಿದ್ದಿ ಹಾಕಿದರೆ ಆ ಶ್ರಮ ಬಹುಕಾಲ ಫಲ ಕೊಡುತ್ತದೆ.

ಒಂದೇ ಊರು, ಹತ್ತು ಕಾಗುಣಿತ

ಇನ್ನು ಹೆಸರಿನ ಪ್ರಶ್ನೆ. ಉಳ್ಳಾರ್ತಿ ಎಂಬ ಪದವನ್ನು ಇಂಗ್ಲಿಷಿಗೆ ತಂದರೆ ‘ತಿ’ಗೆ ಒಬ್ಬರು ಎಚ್ ಸೇರಿಸುತ್ತಾರೆ, ಇನ್ನೊಬ್ಬರು ಸೇರಿಸುವುದಿಲ್ಲ. ‘ಳ್ಳ’ ಎಂಬುದು ಎರಡು ಎಲ್ ಆಗಿ ಹೋಗುತ್ತದೆ, ಏಕೆಂದರೆ ಇಂಗ್ಲಿಷಿಗೆ ಳಕಾರವಿಲ್ಲ. ಕಾವಲ್ ಎಂಬುದು ಒಂದು ದಾಖಲೆಯಲ್ಲಿ ಕಾವಲು, ಇನ್ನೊಂದರಲ್ಲಿ ಕಾವಲ್. ಈ ಇಂಗ್ಲಿಷ್ ರೂಪವನ್ನು ಮತ್ತೆ ಯಂತ್ರವೇ ಕನ್ನಡಕ್ಕೆ ತಿರುಗಿಸಿದರೆ ‘ಉಲ್ಲಾರ್ಥಿ’ ಎಂಬ, ಊರಿನವರಾರೂ ಕೇಳಿರದ ಹೊಸ ಊರು ಹುಟ್ಟಿಬಿಡಬಹುದು. ಚಿತ್ರದುರ್ಗವನ್ನು ಬ್ರಿಟಿಷರ ಕಡತಗಳು ಚಿತಲ್‌ಡ್ರೂಗ್ ಎಂದು ಕರೆದದ್ದು ನೆನಪಿರುವವರಿಗೆ ಇದು ಹೊಸ ಸಂಗತಿಯಲ್ಲ. ಹಳೆಯ ಗ್ಯಾಜೆಟಿಯರುಗಳಲ್ಲಿ ದುರ್ಗವನ್ನು ಹುಡುಕುವ ಸಂಶೋಧಕ ಇಂದಿಗೂ ಆ ತಪ್ಪು ಕಾಗುಣಿತವನ್ನೇ ಬರೆಯಬೇಕಾಗುತ್ತದೆ.

ಕನ್ನಡದೊಳಗೂ ಸಣ್ಣ ತೊಡಕುಗಳಿವೆ. ‘ಉಳ್ಳಾರ್ತಿ’ ಎಂದು ಅರ್ಕಾವತ್ತು ಹಾಕಿ ಬರೆಯುವವರಿದ್ದಾರೆ, ‘ಉಳ್ಳಾರ‍್ತಿ’ ಎಂದು ರಕಾರವನ್ನು ಮುಂದಿಟ್ಟು ಬರೆಯುವವರಿದ್ದಾರೆ. ಎರಡನೆಯದರಲ್ಲಿ ಕಣ್ಣಿಗೆ ಕಾಣದ ಒಂದು ಸಂಖ್ಯೆ ಒಳಗೆ ಸೇರಿರುತ್ತದೆ. ನಮಗೆ ಎರಡೂ ಒಂದೇ, ಯಂತ್ರ ಬೇರೆಂದು ಎಣಿಸುವ ಸಾಧ್ಯತೆ ಉಂಟು. ಜೊತೆಗೆ ನಮ್ಮ ಭಾಷೆಯಲ್ಲಿ ಪ್ರತ್ಯಯಗಳು ಹೆಸರಿಗೇ ಅಂಟಿಕೊಳ್ಳುತ್ತವೆ. ಉಳ್ಳಾರ್ತಿಗೆ, ಉಳ್ಳಾರ್ತಿಯಲ್ಲಿ, ಉಳ್ಳಾರ್ತಿಯವರ, ಹೀಗೆ ಪುಟದ ತುಂಬ ಬಂದರೂ ಬಿಡಿಯಾಗಿ ‘ಉಳ್ಳಾರ್ತಿ ಕಾವಲ್’ ಎಂಬ ರೂಪ ಎಲ್ಲಿಯೂ ಇಲ್ಲದೆ ಹೋಗಬಹುದು. ಇಂಗ್ಲಿಷಿನಂಥ ಭಾಷೆಯನ್ನು ಯಂತ್ರ ಅರೆದು ಕುಡಿದಿದೆ. ಕನ್ನಡದ ವಿಭಕ್ತಿಗಳನ್ನು ಬಿಡಿಸಿಕೊಳ್ಳುವುದರಲ್ಲಿ ಅದು ಇನ್ನೂ ಎಡವುತ್ತದೆ.

ಪರಿಹಾರ ಸರಳವಾದದ್ದು. ಪುಟದ ಶಿರೋನಾಮೆಯಲ್ಲಿ ಹೆಸರನ್ನು ಪ್ರತ್ಯಯವಿಲ್ಲದೆ, ತಾಲ್ಲೂಕು ಮತ್ತು ಜಿಲ್ಲೆಯ ಹೆಸರಿನೊಡನೆ ಬರೆಯುವುದು: ಉಳ್ಳಾರ್ತಿ ಕಾವಲ್, ಚಳ್ಳಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ. ಮೊದಲ ಪರಿಚ್ಛೇದದಲ್ಲಿಯೇ, ಈ ಊರಿನ ಹೆಸರನ್ನು ದಾಖಲೆಗಳಲ್ಲಿ ಹೀಗೂ ಬರೆಯುತ್ತಾರೆ ಎಂದು ಇತರ ರೂಪಗಳನ್ನು, ಇಂಗ್ಲಿಷ್ ಕಾಗುಣಿತಗಳನ್ನೂ ಸೇರಿಸಿ, ಒಮ್ಮೆ ಹೇಳಿಬಿಡುವುದು. ಇದು ಓದುಗನಿಗೂ ಉಪಯುಕ್ತವಾದ ಮಾಹಿತಿ, ಯಂತ್ರಕ್ಕೂ ದಾರಿ.

ಊರ ಹೆಸರಿಗೆ ಅನ್ವಯಿಸುವುದು ಉಳಿದ ಪದಗಳಿಗೂ ಅನ್ವಯಿಸುತ್ತದೆ. ಚಳ್ಳಕೆರೆಯ ರೈತನಿಗೆ ಅದು ಶೇಂಗಾ. ಮೈಸೂರು ಕಡೆಯವನಿಗೆ ಕಡಲೆಕಾಯಿ. ಪುಸ್ತಕದ ಕನ್ನಡದಲ್ಲಿ ನೆಲಗಡಲೆ. ತಾಣದಲ್ಲಿ ನೆಲಗಡಲೆ ಎಂದಷ್ಟೇ ಬರೆದರೆ ಶೇಂಗಾ ಎಂದು ಹುಡುಕುವ ರೈತನಿಗೆ ಆ ಪುಟ ಸಿಗದೆ ಹೋಗಬಹುದು. ಬರೆಯುವವರು ತಮ್ಮ ಪಾಂಡಿತ್ಯದ ಪದವನ್ನಲ್ಲ, ಹುಡುಕುವವರ ಬಾಯಿಯ ಪದವನ್ನು ಬಳಸಬೇಕು. 2017ರಲ್ಲಿ ಗೂಗಲ್ ಕನ್ನಡದಲ್ಲಿ ಮಾತಾಡಿ ಹುಡುಕುವ ಸೌಲಭ್ಯ ಕೊಟ್ಟಿತು. ಅಂದಿನಿಂದ ಈ ಮಾತಿನ ತೂಕ ಇನ್ನೂ ಹೆಚ್ಚಾಗಿದೆ. ಟೈಪು ಮಾಡುವವರು ಎರಡು ಪದ ಬರೆದು ನಿಲ್ಲಿಸುತ್ತಾರೆ. ಮಾತಾಡುವವರು ಪೂರ್ತಿ ಪ್ರಶ್ನೆಯನ್ನೇ ಕೇಳುತ್ತಾರೆ.

ಯಾರ ಮಾತಿಗೆ ತೂಕ

ಪದ ಹೊಂದಿದ ಪುಟಗಳು ನೂರಿದ್ದರೆ ಮೊದಲು ಯಾವುದು? ಆರಂಭದ ಶೋಧಕ ಯಂತ್ರಗಳು ಪದ ಎಷ್ಟು ಸಲ ಬಂದಿದೆ ಎಂಬುದಕ್ಕೆ ಬಹಳ ಬೆಲೆ ಕೊಟ್ಟವು. ಪರಿಣಾಮವಾಗಿ ಒಂದೇ ಪದವನ್ನು ನೂರು ಸಲ ತುರುಕಿದ ಪುಟಗಳು ಮೇಲೇರಿದವು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲ್ಯಾರಿ ಪೇಜ್ ಮತ್ತು ಸರ್ಗೈ ಬ್ರಿನ್ 1998ರಲ್ಲಿ ಗೂಗಲ್ ಕಂಪನಿ ಸ್ಥಾಪಿಸಿದಾಗ ಅವರ ಬಳಿ ಬೇರೊಂದು ಉಪಾಯವಿತ್ತು. ಒಂದು ಪುಟ ಇನ್ನೊಂದಕ್ಕೆ ಕೊಂಡಿ ಕೊಟ್ಟರೆ ಅದು ಶಿಫಾರಸು ಮಾಡಿದಂತೆ. ಯಾರು ಶಿಫಾರಸು ಮಾಡಿದರು ಎಂಬುದಕ್ಕೂ ತೂಕ. ಈ ಯೋಚನೆಗೆ ಹಿರಿಯ ನೆಂಟನಿದ್ದಾನೆ. ಯೂಜೀನ್ ಗಾರ್‌ಫೀಲ್ಡ್ 1964ರಲ್ಲಿ ಹೊರತಂದ ವಿಜ್ಞಾನ ಉಲ್ಲೇಖ ಸೂಚಿ, ಯಾವ ಪ್ರಬಂಧವನ್ನು ಯಾರು ಯಾರು ಉಲ್ಲೇಖಿಸಿದ್ದಾರೆ ಎಂದು ಪಟ್ಟಿ ಮಾಡಿತ್ತು.

ಸಂತೆಯಲ್ಲಿ ಒಳ್ಳೆಯ ಎತ್ತು ಯಾರ ಬಳಿ ಇದೆ ಎಂದು ವಿಚಾರಿಸುವ ರೀತಿಯೇ ಇದು. ಮಾರುವವನು ತನ್ನ ಎತ್ತನ್ನು ತಾನೇ ಹೊಗಳಿಕೊಂಡರೆ ಯಾರೂ ತಲೆದೂಗುವುದಿಲ್ಲ. ನಾಲ್ಕು ಜನ ಅತ್ತ ಕೈತೋರಿಸಿದರೆ ಹೋಗಿ ನೋಡುತ್ತೇವೆ. ದನ ಬಲ್ಲ ಹಿರಿಯನೊಬ್ಬ ಕೈತೋರಿಸಿದರೆ ಆ ನಾಲ್ವರ ಮಾತಿಗಿಂತ ಅದಕ್ಕೆ ಬೆಲೆ ಹೆಚ್ಚು. ಇಂದಿನ ಯಂತ್ರ ಕೊಂಡಿಗಳೊಡನೆ ಇನ್ನೂ ಹತ್ತಾರು ಸಂಗತಿಗಳನ್ನು ತೂಗುತ್ತದೆಯಾದರೂ, ಬೇರೆಯವರು ನಿಮ್ಮನ್ನು ಹೆಸರಿಸುತ್ತಾರೆಯೆ ಎಂಬುದು ಈಗಲೂ ಗಣನೆಗೆ ಬರುತ್ತದೆ.

ಹೊಸ ತಾಣಕ್ಕೆ ಇದೇ ಕಷ್ಟದ ಮೆಟ್ಟಿಲು. ಯಾರೂ ಅದನ್ನು ಅರಿಯರು, ಆದ್ದರಿಂದ ಯಾರೂ ಹೆಸರಿಸರು. ಯಾರೂ ಹೆಸರಿಸದ್ದರಿಂದ ಯಾರಿಗೂ ಸಿಗದು. ಈ ಸುಳಿಯಿಂದ ಪಾರಾಗಲು ಹಣ ಕೊಟ್ಟು ಕೊಂಡಿ ಕೊಳ್ಳುವ ವ್ಯಾಪಾರವೊಂದು ಬೆಳೆದಿದೆ. ಮೊದಲ ಸ್ಥಾನ ಗ್ಯಾರಂಟಿ ಎನ್ನುವವರ ಕರೆಗಳೂ ಬರುತ್ತವೆ. ಇವು ನಂಬತಕ್ಕವಲ್ಲ. ಮಾರಾಟದ ಕೊಂಡಿಗಳನ್ನು ಗೂಗಲ್ ತನ್ನ ನಿಯಮಗಳ ಉಲ್ಲಂಘನೆ ಎಂದು ಘೋಷಿಸಿದೆ, 2012ರಿಂದೀಚೆಗೆ ಅಂಥ ತಾಣಗಳನ್ನು ಕೆಳಕ್ಕೆ ತಳ್ಳುವ ಬದಲಾವಣೆಗಳನ್ನು ಮಾಡಿದೆ. ಪುಟದ ಬೆನ್ನಹಿಂದೆ ಗುಪ್ತವಾಗಿ ಪದಗಳ ಪಟ್ಟಿ ಬರೆಯುವ ಹಳೆಯ ಉಪಾಯಕ್ಕೆ ಪಂಕ್ತಿಯಲ್ಲಿ ಬೆಲೆಯಿಲ್ಲವೆಂದು 2009ರಲ್ಲಿಯೇ ಅದು ಹೇಳಿತು. ಜಾಹೀರಾತಿನ ಜಾಗವನ್ನು ಹಣ ಕೊಟ್ಟು ಪಡೆಯಬಹುದು. ಆದರೆ ಅದರ ಮೇಲೆ ಜಾಹೀರಾತು ಎಂಬ ಚೀಟಿ ಇರುತ್ತದೆ, ಹಣ ನಿಂತ ದಿನ ಜಾಗವೂ ಹೋಗುತ್ತದೆ.

ನಿಜವಾದ ಕೊಂಡಿಗಳು ನಿಜವಾದ ಸಂಬಂಧಗಳಿಂದ ಬರುತ್ತವೆ. ಊರಿನ ಶಾಲೆಗೆ ತಾಣವಿದ್ದರೆ, ಚಳ್ಳಕೆರೆಯ ಕಾಲೇಜಿನ ಇತಿಹಾಸ ವಿಭಾಗಕ್ಕೆ ಇದ್ದರೆ, ಹುಲ್ಲುಗಾವಲುಗಳ ಮೇಲೆ ಸಂಶೋಧನೆ ಮಾಡುವವರಿದ್ದರೆ, ದುರ್ಗದ ಇತಿಹಾಸಾಸಕ್ತರ ಪುಟಗಳಿದ್ದರೆ ಅವರಿಗೆ ತಿಳಿಸುವುದು, ಅವರಿಗೆ ಉಪಯೋಗಕ್ಕೆ ಬರುವಂಥದ್ದನ್ನು ಬರೆಯುವುದು, ಇಷ್ಟೇ ದಾರಿ. ವಿಕಿಪೀಡಿಯದಲ್ಲಿ ಕೊಂಡಿ ಹಾಕಿದರೆ ಸಾಕೆಂದು ಕೆಲವರ ಎಣಿಕೆ. 2007ರಿಂದ ಅಲ್ಲಿನ ಹೊರಕೊಂಡಿಗಳನ್ನು ಶಿಫಾರಸಾಗಿ ಎಣಿಸಬೇಡಿ ಎಂಬ ಗುರುತು ಯಂತ್ರಗಳಿಗೆ ಇದೆ. ಜಾಹೀರಾತಿನಂತೆ ತುರುಕಿದ ಕೊಂಡಿಯನ್ನು ಅಲ್ಲಿನ ಸಂಪಾದಕರೂ ಅಳಿಸುತ್ತಾರೆ. ಆದರೆ ಊರಿನ ಬಗ್ಗೆ ಆಧಾರಸಹಿತ ಲೇಖನವನ್ನು ಕನ್ನಡ ವಿಕಿಪೀಡಿಯಕ್ಕೆ ಬರೆದರೆ ಅದರ ಬೆಲೆ ಬೇರೆಯೇ. ಅಲ್ಲಿ ಊರೇ ಸಿಗುತ್ತದೆ, ತಾಣ ಸಿಗದಿದ್ದರೂ ಚಿಂತೆಯಿಲ್ಲ.

ಖಾಲಿ ಜಾಗದ ಅಪಾಯ

ಬರೆಯುವವರಿಲ್ಲದ ಕಡೆ ಏನಾಗುತ್ತದೆ ಎಂಬುದನ್ನು ಕನ್ನಡಿಗರು 2021ರ ಜೂನ್ ತಿಂಗಳಲ್ಲಿ ಕಂಡರು. ಭಾರತದ ಅತಿ ಕುರೂಪದ ಭಾಷೆ ಯಾವುದು ಎಂದು ಇಂಗ್ಲಿಷಿನಲ್ಲಿ ಕೇಳಿದವರಿಗೆ ಗೂಗಲ್ ಕನ್ನಡ ಎಂದು ಉತ್ತರ ಕೊಟ್ಟಿತು. ನಾಡಿನಲ್ಲಿ ಆಕ್ರೋಶ ಎದ್ದಿತು, ಆಗಿನ ಕನ್ನಡ ಮತ್ತು ಸಂಸ್ಕೃತಿ ಸಚಿವ ಅರವಿಂದ ಲಿಂಬಾವಳಿ ಕಾನೂನು ಕ್ರಮದ ಎಚ್ಚರಿಕೆ ನೀಡಿದರು, ಕಂಪನಿ ಆ ಉತ್ತರವನ್ನು ತೆಗೆದು ಕ್ಷಮೆ ಕೇಳಿತು. ಅದು ಕಂಪನಿಯ ಅಭಿಪ್ರಾಯವಾಗಿರಲಿಲ್ಲ. ಅಂಥ ಅಸಂಬದ್ಧ ಪ್ರಶ್ನೆಗೆ ತಿಳಿದವರಾರೂ ಉತ್ತರ ಬರೆದಿರುವುದಿಲ್ಲ. ಯಾವುದೋ ಹೆಸರಿಲ್ಲದ ತಾಣದಲ್ಲಿ ಆ ಪದಗಳೇ ಸಾಲಾಗಿ ಇದ್ದವು. ಪದ ಹೊಂದಿತು, ಎದುರಾಳಿ ಇರಲಿಲ್ಲ, ಯಂತ್ರ ಅದನ್ನೇ ಎತ್ತಿ ಮೇಲಿಟ್ಟಿತು. ಹಾಳೂರಿಗೆ ಉಳಿದವನೇ ಗೌಡ ಎಂಬ ಗಾದೆಯನ್ನು ಯಂತ್ರ ಹೀಗೆ ನಿಜ ಮಾಡಿ ತೋರಿಸಿತು.

ಈ ಗಾದೆಯ ಒಂದು ಮುಖ ಅಪಾಯದ್ದು, ಇನ್ನೊಂದು ಮುಖ ಅವಕಾಶದ್ದು. ಬೆಂಗಳೂರಿನ ಬಗ್ಗೆ ಹೊಸ ತಾಣ ತೆರೆದವನು ಲಕ್ಷಾಂತರ ಪುಟಗಳೊಡನೆ ಸೆಣಸಬೇಕು. ಉಳ್ಳಾರ್ತಿ ಕಾವಲ್ ಬಗ್ಗೆ ಕನ್ನಡದಲ್ಲಿ ಸವಿಸ್ತಾರವಾಗಿ ಬರೆದವನಿಗೆ ಎದುರಾಳಿಗಳು ವಿರಳ. ಒಂದೇ ಒಂದು ಒಳ್ಳೆಯ ಪುಟ ಮೊದಲ ಸಾಲಿಗೆ ಬರುವ ಸಾಧ್ಯತೆ ಇದೆ. ಅಂದರೆ ಆ ಪುಟದಲ್ಲಿ ತಪ್ಪಿದ್ದರೆ ತಪ್ಪೇ ಊರಿನ ಇತಿಹಾಸವಾಗುತ್ತದೆ. 2024ರಿಂದ ಶೋಧಕ ಯಂತ್ರಗಳು ಪುಟಗಳ ಪಟ್ಟಿಯ ಮೇಲೆ ತಾವೇ ಸಾರಾಂಶ ಬರೆದು ತೋರಿಸುವ ಕ್ರಮವೂ ಭಾರತಕ್ಕೆ ಬಂದಿದೆ. ಆ ಸಾರಾಂಶಕ್ಕೆ ಸರಕು ಒದಗುವುದು ಇಂಥ ಪುಟಗಳಿಂದಲೇ. ಆದ್ದರಿಂದ ಸಣ್ಣ ಊರಿನ ತಾಣ ನಡೆಸುವವರ ಜವಾಬ್ದಾರಿ ದೊಡ್ಡ ಪತ್ರಿಕೆಯದಕ್ಕಿಂತ ಕಡಿಮೆಯಲ್ಲ.

ಮಾಡಬೇಕಾದ ಮನೆಗೆಲಸ

ಇನ್ನುಳಿದದ್ದು ಮನೆ ಗುಡಿಸಿ ಸಾರಿಸುವಂಥ ಕೆಲಸ. ತಾಣ ಇದೆ ಎಂದು ಯಂತ್ರಕ್ಕೆ ತಿಳಿಸಲು ಗೂಗಲ್‌ನ ‘ಸರ್ಚ್ ಕನ್ಸೋಲ್’ ಎಂಬ ಉಚಿತ ಸೌಲಭ್ಯವಿದೆ. ಮೈಕ್ರೋಸಾಫ್ಟಿನ ಬಿಂಗ್‌ಗೂ ಅಂಥದ್ದೇ ಇದೆ. ತಾಣದ ಪುಟಗಳ ವಿಳಾಸಗಳನ್ನೆಲ್ಲ ಒಂದೆಡೆ ಬರೆದ ‘ಸೈಟ್‌ಮ್ಯಾಪ್’ ಎಂಬ ಪಟ್ಟಿಯನ್ನು ಅಲ್ಲಿ ಸಲ್ಲಿಸಬಹುದು. 2005ರಲ್ಲಿ ಗೂಗಲ್ ಆರಂಭಿಸಿದ ಈ ಪದ್ಧತಿಯನ್ನು ಮರುವರ್ಷ ಯಾಹೂ ಮತ್ತು ಮೈಕ್ರೋಸಾಫ್ಟ್ ಕೂಡ ಒಪ್ಪಿಕೊಂಡವು. ಯಾವ ಪದ ಹುಡುಕಿದವರಿಗೆ ನಿಮ್ಮ ಪುಟ ಕಾಣಿಸಿತು, ಎಷ್ಟು ಜನ ಒಳಗೆ ಬಂದರು ಎಂಬ ಲೆಕ್ಕವನ್ನೂ ಸರ್ಚ್ ಕನ್ಸೋಲ್ ತೋರಿಸುತ್ತದೆ. ಜನ ನಿಮ್ಮ ಊರನ್ನು ಯಾವ ಕಾಗುಣಿತದಲ್ಲಿ ಹುಡುಕುತ್ತಾರೆ ಎಂಬುದು ಅಲ್ಲಿಯೇ ಬಯಲಾಗುತ್ತದೆ.

ಕೆಲವೊಮ್ಮೆ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ ಅತಿಥಿ ಬರಲಿಲ್ಲವೆಂದು ಕಾಯುವುದೂ ಉಂಟು. ತಾಣ ಕಟ್ಟುವಾಗ, ಯಂತ್ರಗಳು ಈಗಲೇ ಒಳಗೆ ಬರಬಾರದು ಎಂದು ‘ರೋಬೋಟ್ಸ್’ ಎಂಬ ಕಡತದಲ್ಲಿ ಸೂಚನೆ ಇಟ್ಟಿರುತ್ತಾರೆ. 1994ರಿಂದ ರೂಢಿಯಲ್ಲಿರುವ ಸೂಚನೆ ಇದು. ಕಟ್ಟಿ ಮುಗಿದ ಮೇಲೆ ಅದನ್ನು ತೆಗೆಯಲು ಮರೆತರೆ ಯಂತ್ರ ಬಾಗಿಲಿಂದಲೇ ಹಿಂತಿರುಗುತ್ತದೆ. ತಾಣ ಸಿಗುತ್ತಿಲ್ಲ ಎಂದಾಗ ಮೊದಲು ನೋಡಬೇಕಾದದ್ದು ಇದನ್ನೇ.

ಹಳ್ಳಿಗಳಲ್ಲಿ ಓದುವವರ ಕೈಯಲ್ಲಿರುವುದು ಫೋನು. ಗೂಗಲ್ ಕೂಡ 2018ರಿಂದ ಫೋನಿನಲ್ಲಿ ಕಾಣುವ ರೂಪವನ್ನೇ ಪುಟದ ನಿಜರೂಪವೆಂದು ಎಣಿಸತೊಡಗಿತು. ಭಾರೀ ಚಿತ್ರಗಳನ್ನು ತುಂಬಿ, ತೆರೆದುಕೊಳ್ಳಲು ನಿಮಿಷ ಹಿಡಿಯುವ ತಾಣ ಯಾರಿಗೂ ಬೇಡ. ಒಂದು ವಿಷಯಕ್ಕೆ ಒಂದು ಪುಟ, ಪುಟಕ್ಕೆ ತಕ್ಕ ಶಿರೋನಾಮೆ, ಒಂದು ಪುಟದಿಂದ ಇನ್ನೊಂದಕ್ಕೆ ಕೊಂಡಿ, ಇವಿಷ್ಟು ಇದ್ದರೆ ಸಾಕು. ‘ಇಲ್ಲಿ ಒತ್ತಿ’ ಎಂದು ಕೊಂಡಿ ಬರೆಯುವುದಕ್ಕಿಂತ ‘ಉಳ್ಳಾರ್ತಿ ಕಾವಲ್ ಇತಿಹಾಸ’ ಎಂದು ಬರೆದರೆ ಓದುಗನಿಗೂ ಯಂತ್ರಕ್ಕೂ ಒಳಗೇನಿದೆಯೆಂದು ತಿಳಿಯುತ್ತದೆ. ಆಮೇಲೆ ತಾಳ್ಮೆ. ಹೊಸ ಪುಟ ಪಟ್ಟಿಗೆ ಸೇರಲು ಕೆಲವು ದಿನಗಳೂ ಆಗಬಹುದು, ವಾರಗಳೂ ಆಗಬಹುದು. ಮೇಲಕ್ಕೆ ಬರಲು ತಿಂಗಳುಗಳು ಹಿಡಿಯುತ್ತವೆ.

ಇಷ್ಟೆಲ್ಲ ಮಾಡಿದ ಮೇಲೂ ಉಳಿಯುವ ಪ್ರಶ್ನೆ ಒಂದೇ: ಬಂದವನಿಗೆ ಒಳಗೆ ಏನಿದೆ? ಬೇರೆ ತಾಣದಲ್ಲಿ ಇದ್ದದ್ದನ್ನೇ ನಕಲು ಮಾಡಿದ ಪುಟಕ್ಕೆ ಮೇಲಿನ ಸ್ಥಾನ ಸಿಗುವುದು ಕಷ್ಟ, ಸಿಕ್ಕರೂ ಪ್ರಯೋಜನವಿಲ್ಲ. ಎಕರೆಗಳ ಲೆಕ್ಕ ಸರ್ಕಾರಿ ಆದೇಶದಲ್ಲಿ ಸಿಗುತ್ತದೆ, ತೀರ್ಪಿನ ಪ್ರತಿ ನ್ಯಾಯಮಂಡಳಿಯಲ್ಲಿ ಸಿಗುತ್ತದೆ, ಉಪಗ್ರಹದ ಚಿತ್ರ ಎಲ್ಲಿಂದಲಾದರೂ ಸಿಗುತ್ತದೆ. ಯಾವ ಹುಲ್ಲು ಯಾವ ಮಳೆಗೆ ಚಿಗುರುತ್ತದೆ, ಯಾವ ಹಳ್ಳದ ಹೆಸರೇನು, ಕುರಿ ಕಾಯುವವರು ಬೇಸಿಗೆಯಲ್ಲಿ ಯಾವ ದಾರಿ ಹಿಡಿಯುತ್ತಿದ್ದರು, ಕಿಲಾರಿಗಳು ದೇವರ ಎತ್ತುಗಳನ್ನು ಎಲ್ಲಿ ತಂಗಿಸುತ್ತಿದ್ದರು, ಕಂಬಳಿಯ ಪಟ್ಟಿಗೆ ನೇಯುವವರು ಏನೆನ್ನುತ್ತಾರೆ, ಇವು ಬೇರೆಲ್ಲೂ ಸಿಗುವುದಿಲ್ಲ. ಇವನ್ನು ಬಲ್ಲವರು ವಯಸ್ಸಾದವರು. ಅವರು ಯಾವ ತಾಣವನ್ನೂ ತೆರೆಯುವುದಿಲ್ಲ, ಯಾವ ಯಂತ್ರವೂ ಅಲೆಯುತ್ತ ಅವರ ಜಗುಲಿಗೆ ಹೋಗುವುದಿಲ್ಲ. ಅವರ ಬಳಿ ಕುಳಿತು ಕೇಳಿ, ಅವರಾಡಿದ ಪದದಲ್ಲಿಯೇ, ಯುನಿಕೋಡ್ ಕನ್ನಡದಲ್ಲಿ ಬರೆದಿಡುವ ಕೆಲಸವನ್ನು ಊರಿನ ಹುಡುಗ ಹುಡುಗಿಯರೇ ಮಾಡಬೇಕಾಗಿದೆ. ಯಂತ್ರದ ಪಂಕ್ತಿಯಲ್ಲಿ ಮೇಲೇರುವ ಉಪಾಯಗಳನ್ನು ಹೇಳಿಕೊಡುವವರು ಬೇಕಾದಷ್ಟು ಜನರಿದ್ದಾರೆ. ಹುಲ್ಲಿನ ಹೆಸರು ಹೇಳಿಕೊಡುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.